ಸಮಾಜ ಸೇವೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ

(ಬಿಂಕದಕಟ್ಟಿಯಲ್ಲಿ ಸಮಾಜ ಕಾರ್ಯಕರ್ತರ ಮುಂದೆ ಮಾಡಿದ ಭಾಷಣದ ಬರಹ ರೂಪ)

 

ಸಮಾಜ ಸೇವೆ ಎಂದರೆ ವೇದಿಕೆ, ಹಾರ, ಶಾಲು ಎಂದು ತಿಳಿದವರಿದ್ದಾರೆ. ಅದರ ಒಳಗೆ ಇದ್ದವರಿಗೆ ಗೊತ್ತು, ಮುಕ್ಕಾಲು ಪಾಲು ಕೆಲಸ ಬರವಣಿಗೆಯದು. ವಿಧವಾ ವೇತನಕ್ಕೆ ಅರ್ಜಿ, ವಿದ್ಯಾರ್ಥಿ ವೇತನಕ್ಕೆ ಅರ್ಜಿ, ತಹಸೀಲ್ದಾರರಿಗೆ ಮನವಿ, ಸಭೆಯ ಠರಾವು, ವರ್ಷದ ಲೆಕ್ಕಪತ್ರ, ದಾನಿಗಳಿಗೆ ಕೃತಜ್ಞತಾ ಪತ್ರ. ಇದನ್ನೆಲ್ಲ ಒಂದೂರಿನಲ್ಲಿ ಇಬ್ಬರೋ ಮೂವರೋ ಮಾಡುತ್ತಾರೆ. ಹಗಲೆಲ್ಲ ದುಡಿದು ರಾತ್ರಿ ಪೆನ್ನು ಹಿಡಿಯುತ್ತಾರೆ. ಆದ್ದರಿಂದ ಕೃತಕ ಬುದ್ಧಿಮತ್ತೆ ಎಂಬ ದೊಡ್ಡ ಹೆಸರಿನ ಈ ವಿಷಯದಲ್ಲಿ ಆ ಇಬ್ಬರು ಮೂವರ ರಾತ್ರಿಯ ಕೆಲಸಕ್ಕೆ ಉಪಯೋಗ ಬೀಳುವಷ್ಟನ್ನು ಮಾತ್ರ ಹೇಳುತ್ತೇನೆ. ಜಗತ್ತು ಎತ್ತ ಸಾಗಿದೆ ಎಂಬ ಚರ್ಚೆಯನ್ನು ಪತ್ರಿಕೆಯವರಿಗೆ ಬಿಡೋಣ.

ಮೊದಲು, ನಿಮ್ಮ ಕೈಯಲ್ಲಿ ಈಗಾಗಲೇ ಇರುವುದನ್ನು ನೋಡಿರಿ. ಮೊಬೈಲಿನ ಗೂಗಲ್ ಕೀಲಿಮಣೆಯಲ್ಲಿ ಮೈಕಿನ ಚಿತ್ರವೊಂದಿದೆ. ಅದನ್ನು ಒತ್ತಿ ಮಾತನಾಡಿದರೆ ಮಾತು ಅಕ್ಷರವಾಗುತ್ತದೆ. 2017ರ ಆಗಸ್ಟ್‌ನಲ್ಲಿ ಈ ಸೌಲಭ್ಯ ಭಾರತದ 8 ಭಾಷೆಗಳಿಗೆ ಒಮ್ಮೆಗೇ ಬಂದಿತು. ಅದರಲ್ಲಿ ಕನ್ನಡವೂ ಇತ್ತು, ಉರ್ದುವೂ ಇತ್ತು. ಕೀಲಿಮಣೆಯ ಸೆಟ್ಟಿಂಗ್‌ಗೆ ಹೋಗಿ ಭಾಷೆಗಳ ಪಟ್ಟಿಯಲ್ಲಿ ಎರಡನ್ನೂ ಸೇರಿಸಿಕೊಂಡರೆ ಮುಗಿಯಿತು. ಬರೆಯಲು ಬಾರದ, ಆದರೆ ಊರಿನ ಪ್ರತಿಯೊಂದು ಮನೆಯ ಕಷ್ಟ ಬಲ್ಲ ಹಿರಿಯರು ನಿಮ್ಮಲ್ಲಿದ್ದಾರೆ. ಅವರು ಹೇಳುತ್ತಾ ಹೋಗಲಿ, ಮೊಬೈಲು ಬರೆದುಕೊಳ್ಳಲಿ. ತಿದ್ದುವ ಕೆಲಸ ಮಾತ್ರ ನಿಮ್ಮದು.

ಒಂದು ತೊಡಕುಂಟು. ನಾವು ಗದಗ ಸೀಮೆಯವರು "ಬಂದೈತಿ", "ಹೋಗ್ಯಾನ" ಎನ್ನುತ್ತೇವೆ. ಯಂತ್ರವು ಪುಸ್ತಕದ ಕನ್ನಡವನ್ನೇ ಹೆಚ್ಚು ಕಲಿತಿರುವುದರಿಂದ ನಮ್ಮ ಮಾತಿಗೆ ತಡವರಿಸುತ್ತದೆ. ಇದು ನಮ್ಮ ಭಾಷೆಯ ದೋಷವಲ್ಲ, ಯಂತ್ರಕ್ಕೆ ನಮ್ಮ ದನಿ ಸಾಕಷ್ಟು ಕೇಳಿಸಿಲ್ಲ ಅಷ್ಟೆ. ಬೆಂಗಳೂರಿನಲ್ಲಿ 2021ರಲ್ಲಿ ಆರಂಭವಾದ 'ಕಾರ್ಯ' ಎಂಬ ಸಂಸ್ಥೆ ಈ ಕೊರತೆಯ ಮೇಲೆಯೇ ಕೆಲಸ ಮಾಡಿದೆ. ಕರ್ನಾಟಕದ ಹಳ್ಳಿಯವರಿಂದ ಕನ್ನಡ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿ ಧ್ವನಿ ಸಂಗ್ರಹಿಸಿತು. ಕ್ಷಯರೋಗದ ಬಗ್ಗೆ ಜನ ತಮ್ಮ ಮಾತಿನಲ್ಲೇ ಕೇಳಿ ತಿಳಿಯುವಂತಾಗಲಿ ಎಂಬುದು ಅದರ ಒಂದು ಉದ್ದೇಶ. ಓದಿದವರಿಗೆ ತಾಸಿಗೆ ಸುಮಾರು 5 ಡಾಲರ್, 2023ರ ಲೆಕ್ಕದಲ್ಲಿ 400 ರೂಪಾಯಿಗೆ ಮಿಕ್ಕಿ, ಸಂಬಳ ದೊರೆಯುತ್ತಿತ್ತು. ಹೊಲದ ಕೂಲಿಯ ಜೊತೆ ಹೋಲಿಸಿ ನೋಡಿರಿ.

ಇನ್ನು ಕೇಳಿದ್ದಕ್ಕೆ ಉತ್ತರ ಬರೆಯುವ ಯಂತ್ರಗಳ ವಿಚಾರ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಹೊರಬಂದಿತು. ಗೂಗಲಿನ ಜೆಮಿನಿ 2024ರ ಜೂನ್‌ನಲ್ಲಿ ಕನ್ನಡ, ಉರ್ದು ಸೇರಿ 9 ಭಾರತೀಯ ಭಾಷೆಗಳೊಂದಿಗೆ ನಮ್ಮ ಮೊಬೈಲುಗಳಿಗೆ ಬಂದಿತು. ಇವು ಕೋಟ್ಯಂತರ ಪುಟಗಳನ್ನು ಓದಿ, ಯಾವ ಮಾತಿನ ಹಿಂದೆ ಯಾವ ಮಾತು ಬರುತ್ತದೆಂಬ ಅಂದಾಜಿನ ಮೇಲೆ ಬರೆಯುತ್ತವೆ. ಅಂದಾಜು ಎಂಬ ಈ ಶಬ್ದವನ್ನು ದಯವಿಟ್ಟು ನೆನಪಿನಲ್ಲಿಡಿರಿ.

ಉದಾಹರಣೆಗೆ, ಗದಗಿನ ಕಾಲೇಜಿಗೆ ಹೋಗುವ ಬಿಂಕದಕಟ್ಟಿಯ ಹೆಣ್ಣುಮಕ್ಕಳಿಗೆ ಮುಂಜಾನೆ ಇನ್ನೊಂದು ಬಸ್ಸು ಬೇಕು ಎಂದಿಟ್ಟುಕೊಳ್ಳೋಣ. "ಬಸ್ಸಿಗೆ ಅರ್ಜಿ ಬರೆದುಕೊಡು" ಎಂದರೆ ಯಂತ್ರವು ಶಿಕ್ಷಣದ ಮಹತ್ವ, ಮಹಿಳಾ ಸಬಲೀಕರಣ ಎಂದು ಎರಡು ಪುಟ ಉಪನ್ಯಾಸ ಕೊಡುತ್ತದೆ. ಅಧಿಕಾರಿಗಳು ಅದನ್ನು ಓದುವುದಿಲ್ಲ. ಬದಲಾಗಿ ಹೀಗೆ ಹೇಳಿರಿ: "ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಗದಗ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಮನವಿ. ಇಷ್ಟು ವಿದ್ಯಾರ್ಥಿನಿಯರು. ತರಗತಿ ಇಷ್ಟು ಗಂಟೆಗೆ. ಈಗಿರುವ ಬಸ್ಸು ಇಷ್ಟಕ್ಕೆ ಬರುತ್ತದೆ. ನಮ್ಮ ಬೇಡಿಕೆ ಇದು. ಹದಿನೈದು ಸಾಲು ಮೀರಬಾರದು. ನಾನು ಕೊಡದ ಯಾವ ಅಂಕಿಯನ್ನೂ ಸೇರಿಸಬೇಡ." ಇದರ ಕೊನೆಯ ವಾಕ್ಯವೇ ಎಲ್ಲಕ್ಕಿಂತ ಮುಖ್ಯ. ಅಷ್ಟು ಹೇಳಿದರೂ ಒಮ್ಮೊಮ್ಮೆ ತನ್ನದೊಂದು ಅಂಕಿ ಸೇರಿಸಿಯೇ ಬಿಡುತ್ತದೆ, ಹೊಡೆದು ಹಾಕಿರಿ. ಅರ್ಜಿಯ ಕೆಳಗೆ ಸಹಿ ನಿಮ್ಮದಿರುತ್ತದೆ.

ಪತ್ರ ಬರೆಸುವುದು ಸುಲಭದ ಮಾತಾಯಿತು. ಸರಕಾರಿ ಯೋಜನೆಗಳ ಬಗ್ಗೆ ಕೇಳುವಲ್ಲಿಯೇ ಅಪಾಯವಿದೆ. ಕೇಂದ್ರ ಸರಕಾರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ವೇತನವನ್ನು 1ರಿಂದ 8ನೇ ತರಗತಿಯ ಮಕ್ಕಳಿಗೆ 2022-23ರಿಂದ ನಿಲ್ಲಿಸಲಾಯಿತು. 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಲಾಯಿತು. ಆದರೆ ಅದಕ್ಕೂ ಹಿಂದಿನ ವರ್ಷಗಳಲ್ಲಿ ಈ ಯೋಜನೆಯ ಬಗ್ಗೆ ಬರೆದ ಪುಟಗಳು ಎಷ್ಟಿವೆಯೋ ಲೆಕ್ಕವಿಲ್ಲ. ಯಂತ್ರ ಅವನ್ನೆಲ್ಲ ಓದಿದೆ. ಐದನೇ ತರಗತಿಯ ಮಗುವಿಗೆ ಸಿಗುತ್ತದೆಯೇ ಎಂದು ಕೇಳಿದರೆ, ಸಿಗುತ್ತದೆ ಎಂದು ಬಹಳ ವಿನಯದಿಂದ, ಬಹಳ ಧೈರ್ಯದಿಂದ ಹೇಳಬಹುದು. ಆ ಮಾತು ನಂಬಿ ಒಬ್ಬ ತಾಯಿ ಕೂಲಿ ಬಿಟ್ಟು ಆದಾಯ ಪ್ರಮಾಣಪತ್ರಕ್ಕೆಂದು ಎರಡು ದಿನ ತಿರುಗಿದರೆ ನಷ್ಟ ಯಾರದು? ಯಂತ್ರಕ್ಕಂತೂ ಅಲ್ಲ. ಮರುದಿನ ಆಕೆ ಬಂದು ನಿಲ್ಲುವುದು ನಿಮ್ಮ ಬಾಗಿಲಲ್ಲಿ.

ಇದನ್ನು ಸರಿಯಾಗಿ ಮಾಡುವ ದಾರಿಯೂ ಇದೆ. ದೆಹಲಿಯಿಂದ ಎರಡು ತಾಸಿನ ದಾರಿಯಲ್ಲಿರುವ ಹರಿಯಾಣದ ಬಿವಾನ್ ಗ್ರಾಮದಲ್ಲಿ 2023ರಲ್ಲಿ 'ಜುಗಲ್‌ಬಂದಿ' ಎಂಬ ಸಹಾಯಕವನ್ನು ಪರೀಕ್ಷಿಸಿದರು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ, ಓಪನ್‌ನ್ಯಾಯ್ ಮತ್ತು ಮೈಕ್ರೋಸಾಫ್ಟ್ ಇದರ ಹಿಂದಿದ್ದವು. ಹಳ್ಳಿಯವರು ವಾಟ್ಸಾಪಿನಲ್ಲಿ ತಮ್ಮ ಭಾಷೆಯಲ್ಲಿ ಮಾತನಾಡಿ ಕೇಳಬಹುದು. ಅದು ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ, ಯೋಜನೆಗಳ ಮಾಹಿತಿಯಲ್ಲಿ ಹುಡುಕಿ, ಉತ್ತರವನ್ನು ಮತ್ತೆ ಅವರ ಭಾಷೆಯಲ್ಲೇ ಹೇಳುತ್ತಿತ್ತು. ಆರಂಭದಲ್ಲಿ 10 ಭಾಷೆ, 171 ಯೋಜನೆಗಳು. ಇದರಲ್ಲಿ ಗಮನಿಸಬೇಕಾದದ್ದು, ಯಂತ್ರ ನೆನಪಿನಿಂದ ಹೇಳದೆ ಮುಂದಿಟ್ಟ ಮಾಹಿತಿ ನೋಡಿ ಹೇಳಿತು ಎಂಬುದು. ನಾವೂ ಹಾಗೆಯೇ ಮಾಡಬಹುದು. ಇಲಾಖೆಯ ಜಾಲತಾಣದಿಂದ ಈ ವರ್ಷದ ಸುತ್ತೋಲೆ ಇಳಿಸಿಕೊಂಡು ಯಂತ್ರಕ್ಕೆ ಕೊಡಿರಿ. "ಇದರಲ್ಲಿ ಇದ್ದದ್ದನ್ನಷ್ಟೇ ಹೇಳು, ಯಾವ ಪುಟದಲ್ಲಿದೆ ಎಂದೂ ಹೇಳು, ಇಲ್ಲದಿದ್ದರೆ ಇಲ್ಲವೆನ್ನು" ಎಂದು ಕೇಳಿರಿ. ಆಮೇಲೆ ಆ ಪುಟವನ್ನು ನೀವೇ ತೆರೆದು ಓದಿರಿ. ಸುತ್ತೋಲೆ ಇಂಗ್ಲಿಷಿನಲ್ಲಿದ್ದರೆ ಕೇಂದ್ರ ಸರಕಾರ 2022ರ ಜುಲೈನಲ್ಲಿ ಉದ್ಘಾಟಿಸಿದ 'ಭಾಷಿಣಿ'ಯಿಂದ ಕನ್ನಡಕ್ಕೋ ಉರ್ದುವಿಗೋ ತಿರುಗಿಸಬಹುದು. ತಿಳಿದುಕೊಳ್ಳಲು ಆ ಅನುವಾದ ಸಾಕು. ಕಚೇರಿಗೆ ಕೊಡಲು ಸಾಲದು.

ಈಗ ಹೆಸರುಗಳ ವಿಷಯಕ್ಕೆ ಬರುತ್ತೇನೆ. ಎರಡೂ ಭಾಷೆ ಕಲಿಸುವವರಿಗೆ ಇದು ದಿನದ ಗೋಳು, ಆದ್ದರಿಂದ ತುಸು ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಿರಿ.

ಉರ್ದುವಿನಲ್ಲಿ ಜೇರ್, ಜಬರ್, ಪೇಶ್ ಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಬಡೀ ಹೇ, ಸೀನ್, ನೂನ್ ಈ ಮೂರು ಅಕ್ಷರ ಬರೆದರೆ 'ಹಸನ್' ಎಂದೂ ಓದಬಹುದು, ಸೌಂದರ್ಯ ಎಂಬ ಅರ್ಥದ 'ಹುಸ್ನ್' ಎಂದೂ ಓದಬಹುದು. ನಾವು ಸಂದರ್ಭ ನೋಡಿ ತಿಳಿಯುತ್ತೇವೆ; ಯಂತ್ರ ಅಂದಾಜು ಮಾಡುತ್ತದೆ. ಕನ್ನಡದಿಂದ ಉರ್ದುವಿಗೆ ಹೋಗುವಾಗ ಇನ್ನೊಂದು ಪೇಚು. ಸಲೀಮನ ಸ ಸೀನ್, ಸಾಬಿರನ ಸ ಸ್ವಾದ್, ಸಮೀನಾಳ ಸ ಸೇ. ಕನ್ನಡದಲ್ಲಿ ಮೂರಕ್ಕೂ ಒಂದೇ ಸ. ಇಂಗ್ಲಿಷಿನಲ್ಲಿ ಬರೆದರೆ ಹಸನ್‌ಗೆ ಒಂದು ಎಸ್ಸೋ ಎರಡು ಎಸ್ಸೋ ಎಂಬ ಪ್ರಶ್ನೆ. ಅದರ ಮೇಲೆ ನಮ್ಮ ಕಡೆಯ ರೂಢಿ ಬೇರೆ: ಆಧಾರಿನಲ್ಲಿ ಹಸನಸಾಬ, ಶಾಲೆಯ ದಾಖಲೆಯಲ್ಲಿ ಹಸನ್, ಬ್ಯಾಂಕಿನಲ್ಲಿ ನದಾಫ ಎಂಬ ಅಡ್ಡಹೆಸರು ಮುಂದೆ. ಕೆಲವೊಮ್ಮೆ ಯಂತ್ರವು ಹೆಸರನ್ನು ಹೆಸರೆಂದೇ ತಿಳಿಯದೆ ಚಾಂದ್ ಎಂಬವನನ್ನು ಚಂದ್ರನನ್ನಾಗಿ ಮಾಡಿಬಿಡಬಹುದು.

ನಗುವ ಮಾತಲ್ಲ ಇದು. ಇಂದು ವಿದ್ಯಾರ್ಥಿ ವೇತನ ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆಗೆ ನೇರ ಬರುತ್ತದೆ. ದಾಖಲೆಯಿಂದ ದಾಖಲೆಗೆ ಹೆಸರು ಕೂಡದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಒಂದು ಅಕ್ಷರಕ್ಕೆ ಒಂದು ವರ್ಷದ ಶುಲ್ಕ ಹೋಗುತ್ತದೆ. ಹೆಣ್ಣುಮಗಳಾದರೆ ಕೆಲವು ಮನೆಗಳಲ್ಲಿ ಓದೇ ಅಲ್ಲಿಗೆ ಮುಗಿಯುತ್ತದೆ. ಹೀಗಾಗಿ ಹೆಸರು, ಜನ್ಮದಿನಾಂಕ, ಖಾತೆ ಸಂಖ್ಯೆ, ಈ ಮೂರನ್ನು ಯಾವ ಯಂತ್ರದಿಂದಲೂ ಅನುವಾದ ಮಾಡಿಸಬೇಡಿರಿ, ಧ್ವನಿಯಿಂದ ಬರೆಸಬೇಡಿರಿ. ಮೂಲ ಕಾಗದ ಎದುರಿಗಿಟ್ಟುಕೊಂಡು ಕೈಯಾರೆ ಅಕ್ಷರ ಅಕ್ಷರ ನೋಡಿ ತುಂಬಿರಿ, ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿರಿ.

ಹಾಗೆಯೇ ಜನರ ಗುಟ್ಟು. ಉಚಿತವಾಗಿ ದೊರೆಯುವ ಈ ಸೌಲಭ್ಯಗಳಲ್ಲಿ ನಾವು ಹಾಕಿದ್ದನ್ನು ಕಂಪನಿಯವರು ಇಟ್ಟುಕೊಳ್ಳಬಹುದು, ಯಂತ್ರಕ್ಕೆ ಕಲಿಸಲು ಬಳಸಲೂಬಹುದು. ಆಧಾರ್ ಕಾರ್ಡಿನ ಚಿತ್ರ, ರೋಗಿಯ ಕಾಗದ, ಗಂಡ ಬಿಟ್ಟ ಹೆಣ್ಣುಮಗಳ ಕಥೆ, ಜಕಾತ್ ಪಡೆದವರ ಯಾದಿ ಇವು ಅಲ್ಲಿಗೆ ಹೋಗಕೂಡದು. ಯಾರಿಗೆ ಕೊಟ್ಟೆವೆಂದು ನಾವು ಜಮಾತಿನಲ್ಲಿಯೂ ಗಟ್ಟಿಯಾಗಿ ಹೇಳುವುದಿಲ್ಲ, ಕಾಣದೂರಿನ ಯಂತ್ರಕ್ಕೇಕೆ ಹೇಳಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿ ಅಥವಾ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಇರದಿದ್ದರೂ ಇದು ಮರ್ಯಾದೆಯ ಪ್ರಶ್ನೆ. ಯಾದಿಯನ್ನು ಜೋಡಿಸಿಕೊಡಲು ಯಂತ್ರ ಬೇಕೇ ಬೇಕೆಂದರೆ ಹೆಸರಿನ ಜಾಗದಲ್ಲಿ 1, 2, 3 ಎಂದು ಹಾಕಿರಿ. ಯಾವ ಸಂಖ್ಯೆ ಯಾರದು ಎಂಬ ವಹಿ ನಿಮ್ಮ ಕಪಾಟಿನಲ್ಲಿರಲಿ.

ಲೆಕ್ಕದ ಬಗ್ಗೆ ಎರಡು ಮಾತು. ಸ್ವಸಹಾಯ ಸಂಘದ ಕೈಬರಹದ ಲೆಕ್ಕವನ್ನು ಫೋಟೋ ತೆಗೆದುಕೊಟ್ಟರೆ ಯಂತ್ರ ಅದನ್ನು ಕೋಷ್ಟಕ ಮಾಡಿಕೊಡುತ್ತದೆ. ಆದರೆ 1 ಮತ್ತು 7, 3 ಮತ್ತು 8 ಅದಲುಬದಲಾಗಬಹುದು. ಒಟ್ಟು ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ನೀವೇ ಕೂಡಿಸಿರಿ. 1905ರಲ್ಲಿಯೇ, ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಒಂದನ್ನು ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲೂಕಿನದೇ. ಆ ತಾಲೂಕಿನವರಿಗೆ ವಹಿಯ ಬೆಲೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಶಿಕ್ಷಕ ಬಂಧುಗಳೂ ಇಲ್ಲಿದ್ದೀರಿ. ಶಿಕ್ಷಣ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದೊಂದಿಗೆ ಸೇರಿ 2023ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 'ಶಿಕ್ಷಾ ಕೋಪೈಲಟ್' ಎಂಬ ಸಲಕರಣೆಯನ್ನು ಪ್ರಯೋಗಿಸಿದೆ. ರಾಜ್ಯದ ಪಠ್ಯಪುಸ್ತಕವನ್ನೇ ಆಧಾರವಾಗಿಟ್ಟು ಪಾಠ ಯೋಜನೆ ಮಾಡಿಕೊಡುತ್ತದೆ. ಮುಂದಿಟ್ಟ ಕಾಗದ ನೋಡಿ ಹೇಳುವ ಪದ್ಧತಿ ಇಲ್ಲಿಯೂ ಇದೆ. ಪಾಠ ಯೋಜನೆಯ ಬರವಣಿಗೆಗೆ ಹೋಗುವ ತಾಸು ಹಿಂದುಳಿದ ನಾಲ್ಕು ಮಕ್ಕಳಿಗೆ ಸಿಕ್ಕರೆ ನನ್ನ ಅಭಿಪ್ರಾಯದಲ್ಲಿ ಅದು ಲಾಭವೇ.

ಕೊನೆಗೆ ಖರ್ಚಿನ ಮಾತು. ನಾನು ಹೇಳಿದ ಕೆಲಸಗಳಿಗೆ ಉಚಿತವಾಗಿ ಸಿಗುವುದೇ ಸಾಕು. ಯಾರಾದರೂ ವರ್ಷದ ಚಂದಾ ಕೇಳುತ್ತ ಬಂದರೆ ಅವಸರ ಮಾಡಬೇಡಿರಿ. ನೋಂದಾಯಿತ ಟ್ರಸ್ಟ್ ಅಥವಾ ಸಂಘವಾಗಿದ್ದರೆ ಗೂಗಲ್ ಮತ್ತು ಕ್ಯಾನ್ವಾ ಸಂಸ್ಥೆಗಳು ಲಾಭರಹಿತ ಸಂಸ್ಥೆಗಳಿಗೆ ಕೆಲವು ಸೌಲಭ್ಯಗಳನ್ನು ಹಣವಿಲ್ಲದೆ ಕೊಡುತ್ತವೆ. ಅದಕ್ಕೆ ನೋಂದಣಿ ಪ್ರಮಾಣಪತ್ರ ಬೇಕಾಗುತ್ತದೆ. ನಮ್ಮ ಅನೇಕ ಕಮಿಟಿಗಳಲ್ಲಿ ಅದು ಹಿಂದಿನ ಕಾರ್ಯದರ್ಶಿಯ ಮನೆಯ ಟ್ರಂಕಿನಲ್ಲಿರುತ್ತದೆ. ಮುಂದಿನ ಸಭೆಯೊಳಗೆ ಅದನ್ನು ಹುಡುಕಿ ತೆಗೆದು, ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿಯನ್ನು ಕಚೇರಿಯ ಫೈಲಿನಲ್ಲಿ ಇಡಿರಿ.