ಮೇಷ್ಟ್ರನ್ನು ಕಳೆದುಕೊಂಡ ಹಾಡು

ಆಸ್ಟ್ರೇಲಿಯದ ದಕ್ಷಿಣಕ್ಕೆ ಟಾಸ್ಮೇನಿಯ ದ್ವೀಪ. 1933ರಲ್ಲಿ ಅಲ್ಲಿನ ಹೋಬಾರ್ಟ್ ಮೃಗಾಲಯದಲ್ಲಿ ಡೇವಿಡ್ ಫ್ಲೇ ಎಂಬ ಪ್ರಾಣಿತಜ್ಞ ಕ್ಯಾಮೆರಾ ಹಿಡಿದು ಬೋನಿನೊಳಕ್ಕೇ ಹೋದ. ಒಳಗಿದ್ದದ್ದು ಥೈಲಸೀನ್: ನಾಯಿಯಂಥ ಮೈ, ಬೆನ್ನ ಮೇಲೆ ಪಟ್ಟೆ, ಕಾಂಗರೂವಿಗಿರುವಂತೆ ಮರಿ ಸಾಕಲು ಹೊಟ್ಟೆಚೀಲ. ಪಟ್ಟೆ ನೋಡಿ ಜನ ಅದನ್ನು ಹುಲಿ ಎಂದೇ ಕರೆದರು. ಅದು ಅತ್ತಿಂದಿತ್ತ ನಡೆಯಿತು, ಬಾಯಿ ಇಷ್ಟಗಲ ತೆರೆದು ಆಕಳಿಸಿತು, ಸಮಯ ಸಾಧಿಸಿ ಫ್ಲೇಯ ಹಿಂಭಾಗಕ್ಕೆ ಬಾಯಿ ಹಾಕಿತು. ಆ ಚಿತ್ರ ಇಂದಿಗೂ ಇದೆ. ಆದರೆ ಮೂಕಿಚಿತ್ರ. ಥೈಲಸೀನಿನ ಕೂಗನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ.

ಕುರಿ ಹಿಡಿಯುತ್ತದೆ ಎಂದು ಸರ್ಕಾರ 1888ರಿಂದ 1909ರವರೆಗೆ ತಲೆಗೊಂದು ಪೌಂಡ್ ಇನಾಮು ಕೊಟ್ಟು ಅದನ್ನು ಕೊಲ್ಲಿಸಿತ್ತು. ರಕ್ಷಣೆಯ ಕಾನೂನು ಬಂದದ್ದು 1936ರ ಜುಲೈ 10ಕ್ಕೆ. ಬೋನಿನಲ್ಲಿದ್ದ ಕೊನೆಯ ಥೈಲಸೀನ್ ಸತ್ತದ್ದು ಸೆಪ್ಟೆಂಬರ್ 7ಕ್ಕೆ. ನಡುವೆ 59 ದಿನ.

ರೀಜೆಂಟ್ ಹನಿಈಟರ್ ಎಂಬ ಹಕ್ಕಿಯ ತಲೆಗೆ ಯಾರೂ ಬೆಲೆ ಕಟ್ಟಲಿಲ್ಲ. ಕಪ್ಪು-ಹಳದಿ ಮೈಯ ಈ ಹಕ್ಕಿ ಮಕರಂದ ಹೀರುತ್ತಿದ್ದ ನೀಲಗಿರಿ ಮರಗಳ ಕಾಡನ್ನು ಹೊಲ, ಹುಲ್ಲುಗಾವಲಿಗಾಗಿ ಕಡಿದರು, ಅಷ್ಟೇ. ಆಗ್ನೇಯ ಆಸ್ಟ್ರೇಲಿಯದಲ್ಲಿ ಒಮ್ಮೆ ದೊಡ್ಡ ಹಿಂಡುಗಳಲ್ಲಿ ಹಾರುತ್ತಿದ್ದದ್ದು ಈಗ ಕಾಡಿನಲ್ಲಿ 300ಕ್ಕೂ ಕಡಿಮೆ ಎಂದು ಅಂದಾಜು.

ಮರಿಗೆ ಹಾಡು ಹುಟ್ಟಿನಿಂದ ಬರುವುದಿಲ್ಲ. ಹಿರಿಯ ಗಂಡುಗಳನ್ನು ಕೇಳಿ ಕಲಿಯಬೇಕು. ಹಿರಿಯರೇ ಸಿಗದಿದ್ದರೆ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸುಮಾರು ಶೇ. 12ರಷ್ಟು ಗಂಡುಗಳು ಬೇರೆ ಜಾತಿಯ ಹಕ್ಕಿಗಳ ಹಾಡನ್ನು ಹಾಡುತ್ತಿದ್ದವು. ನಮ್ಮ ಮನೆಯ ಹುಡುಗ ಪಕ್ಕದ ಮನೆಯ ಮಾತಷ್ಟನ್ನೇ ಕಲಿತಂತೆ. ಆ ಹಾಡಿಗೆ ಹೆಣ್ಣು ಒಲಿಯುವುದು ಕಷ್ಟ.

ಸಿಡ್ನಿಯ ಟರೊಂಗಾ ಮೃಗಾಲಯ 1995ರಿಂದ ಈ ಹಕ್ಕಿಯನ್ನು ಸಾಕಿ ಬೆಳೆಸುತ್ತಿದೆ. ಅಲ್ಲಿ ಮರಿಗಳಿಗೆ ಮೊದಲು ಸ್ಪೀಕರಿನಲ್ಲಿ ಹಾಡು ಕೇಳಿಸಿದರು. ಹೆಚ್ಚೇನೂ ಉಪಯೋಗವಾಗಲಿಲ್ಲ. ಆಮೇಲೆ ಕಾಡಿನಲ್ಲಿ ಹುಟ್ಟಿದ ಎರಡು ಗಂಡುಗಳನ್ನೇ ಮೇಷ್ಟ್ರಾಗಿ ತಂದರು, ತರಗತಿಯನ್ನೂ ಚಿಕ್ಕದು ಮಾಡಿದರು. ಒಬ್ಬ ಮೇಷ್ಟ್ರಿಗೆ ಕೆಲವೇ ಶಿಷ್ಯರು. ಮರಿಗಳು ಕಲಿತವು. ಅಷ್ಟರಲ್ಲಿ ಕಾಡಿನಲ್ಲಿ ಹಳೆಯ ಪೂರ್ಣ ಹಾಡು ನಿಂತೇಹೋಗಿ, ಅದರ ಮೊಟಕು ರೂಪವಷ್ಟೇ ಉಳಿದಿತ್ತು. ಪೂರ್ತಿ ಹಾಡು ಈಗ ಇರುವುದು ಪಂಜರದಲ್ಲಿ ಬೆಳೆದ ಆ ಮರಿಗಳ ಕೊರಳಲ್ಲಿ.