ಕಾರ್ಲೆಯ ಕಲ್ಲಿನ ಮೇಲೆ ಒಬ್ಬ ಬಡಗಿಯ ಹೆಸರು

(ಚಾಂದ್‌ಖೇಡಾದಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಆರು ಮಂದಿ ಕಾರ್ಲೆಗೆ ಹೋಗಿ ಬಂದೆವು. ಐವರು ಹೋಟೆಲಿನವರು, ಒಬ್ಬರು ಗಿರಣಿಯಲ್ಲಿ ದುಡಿದವರು. "ಎರಡು ದಿನದ ಪಗಾರ ಕಳೆದುಕೊಂಡು ಗುಹೆ ನೋಡಲು ಹೋಗುತ್ತಾರಂತೆ!" ಎಂದು ಕೆಲವರು ನಕ್ಕರು. ನಕ್ಕವರಿಗೂ ಸೇರಿಸಿ ಇಂದು ಲೆಕ್ಕ ಒಪ್ಪಿಸುತ್ತೇವೆ.

ಮೊದಲು ನಾವು ಹೋದದ್ದು ಮೆಹಸಾಣಾ ಜಿಲ್ಲೆಯ ವಡನಗರಕ್ಕೆ. ಅಲ್ಲಿ ಅಗೆದು ತೆಗೆದ ಬೌದ್ಧ ವಿಹಾರವಿದೆ. ನಡುವೆ ಅಂಗಳ, ಸುತ್ತಲೂ ಭಿಕ್ಷುಗಳ ಸಣ್ಣ ಸಣ್ಣ ಕೋಣೆಗಳು. ಆದರೆ ಉಳಿದಿರುವುದು ಇಟ್ಟಿಗೆಯ ಬುಡ ಮಾತ್ರ. ಗೋಡೆ ಎಷ್ಟು ಎತ್ತರವಿತ್ತು, ಚಾವಣಿ ಹೇಗಿತ್ತು ಎಂಬುದನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಚಾವಣಿಯೂ ಉಳಿದಿರುವ ಒಂದನ್ನು ನೋಡಬೇಕೆಂದು ರಾತ್ರಿ ಗಾಡಿ ಹತ್ತಿ ಮುಂಬಯಿಗೆ, ಅಲ್ಲಿಂದ ಲೋಣಾವಳೆಗೆ ಹೋದೆವು. ಕಾರ್ಲೆ ಅದರ ಹತ್ತಿರವೇ. ಮೆಟ್ಟಿಲು ಹತ್ತಿದರೆ ಏಕವೀರಾ ದೇವಿಯ ಗುಡಿ, ಅದರ ಪಕ್ಕದಲ್ಲೇ ಗುಹೆಯ ಬಾಯಿ. ಮುಂದೆ ಸಿಂಹಗಳ ಕಂಬ.

ಒಳಗೆ ಕಾಲಿಟ್ಟವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. 120 ಅಡಿಗೂ ಮಿಕ್ಕ ಉದ್ದ, 45 ಅಡಿಯಷ್ಟು ಎತ್ತರ. ಇದು ಕಟ್ಟಿದ್ದಲ್ಲ, ಬೆಟ್ಟವನ್ನು ಕಡೆದು ತೆಗೆದದ್ದು. ಕ್ರಿಸ್ತ ಶಕದ ಮೊದಲ ಎರಡು ಶತಮಾನಗಳ ಕೆಲಸ. ಇಂಥ ಗುಹೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತಾ ಬರುತ್ತಾರಂತೆ; ನಿಂತ ಬಂಡೆಯೇ ಅಟ್ಟಣೆ. ಗೋಡೆ ಸೊಟ್ಟಗಾದರೆ ಕೆಡವಿ ಮತ್ತೆ ಕಟ್ಟಬಹುದು. ಇಲ್ಲಿ ಒಂದು ಪೆಟ್ಟು ತಪ್ಪಿದರೆ ತಪ್ಪಿದ್ದೇ. ಹಿಟ್ಟಿಗೆ ಉಪ್ಪು ಹೆಚ್ಚಾದರೆ ಇನ್ನಷ್ಟು ಹಿಟ್ಟು ಬೆರೆಸುವ ನಮಗೆ ಆ ಕೈಗಳ ಎಚ್ಚರ ಎಷ್ಟಿತ್ತೆಂದು ಅಲ್ಲೇ ಹೊಳೆಯಿತು.

ಅದರ ವಿನ್ಯಾಸ ನಮಗೆ ತಿಳಿದದ್ದು ನಮ್ಮ ಕಸುಬಿನಿಂದಲೇ. ಎರಡು ಸಾಲಿನಲ್ಲಿ ಹದಿನೈದು ಹದಿನೈದು ಕಂಬ, ಕೊನೆಯಲ್ಲಿ ಸ್ತೂಪದ ಹಿಂದೆ ಬಾಗಿದ ಸಾಲಿನಲ್ಲಿ ಏಳು, ಒಟ್ಟು 37. ಕಂಬಕ್ಕೂ ಗೋಡೆಗೂ ನಡುವೆ ಕಿರಿದಾದ ಓಣಿ. "ಇದೇಕೆ?" ಎಂದು ಒಬ್ಬರು ಕೇಳಿದರು. ನಮ್ಮ ಸಪ್ಲೈಯರ್ ಗೆಳೆಯರು ತಟ್ಟನೆ ಹೇಳಿದರು: "ಕೂತವರಿಗೆ ನಡುವಿನ ಜಾಗ, ನಡೆಯುವವರಿಗೆ ಪಕ್ಕದ ಸಂದು. ಇಲ್ಲದಿದ್ದರೆ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ." ಸರಿಯಾದ ಮಾತು. ಪ್ರದಕ್ಷಿಣೆ ಬರುವವರು ಎಡದ ಓಣಿಯಲ್ಲಿ ಹೋಗಿ, ಸ್ತೂಪವನ್ನು ಬಳಸಿ, ಬಲದ ಓಣಿಯಲ್ಲಿ ಹೊರಬರುತ್ತಿದ್ದರು. ನಡುವೆ ಕುಳಿತು ಪಠಿಸುವವರಿಗೆ ಅಡ್ಡಿಯಿಲ್ಲ.

ಬೆಳಕಿನ ಗುಟ್ಟು ಹೇಳಿದವರು ಗಿರಣಿಯವರು. ಬಾಗಿಲ ಮೇಲೆ ಲಾಳದ ಆಕಾರದ ಒಂದು ದೊಡ್ಡ ಕಿಂಡಿಯಿದೆ. ಅದರ ಬೆಳಕು ನೇರ ಹೋಗಿ ಸ್ತೂಪದ ಮೇಲೆ ಬೀಳುತ್ತದೆ. ಓಣಿಗಳು ಮಬ್ಬಾಗಿಯೇ ಇರುತ್ತವೆ. "ನಮ್ಮ ಗಿರಣಿಯ ಗರಗಸದ ಹಲ್ಲಿನಂಥ ಚಾವಣಿಯೂ ಹೀಗೇ. ಮಗ್ಗದ ಮೇಲೆ ಬೆಳಕು ಬೀಳಬೇಕು, ಬಿಸಿಲು ಬೀಳಬಾರದು" ಎಂದರು. ತಲೆಯೆತ್ತಿ ನೋಡಿದರೆ ಕಲ್ಲಿನ ಚಾವಣಿಗೆ ಮರದ ಬಾಗಿದ ತೊಲೆಗಳು. ಅವು ಏನನ್ನೂ ಹೊತ್ತಿಲ್ಲ. ಕಲ್ಲಿಗೆ ಮರದ ಆಸರೆ ಬೇಕೆ? ಹಿಂದೆ ಇಂಥ ಚೈತ್ಯಗಳನ್ನು ಮರದಲ್ಲಿ ಕಟ್ಟುತ್ತಿದ್ದರು. ಕಸುಬು ಕಲ್ಲಿಗೆ ಬಂದ ಮೇಲೂ ಹಳೆಯ ರೂಪವನ್ನು ಬಿಡಲಿಲ್ಲ. ಆ ಮರ ಎರಡು ಸಾವಿರ ವರ್ಷದಷ್ಟು ಹಳೆಯದು.

ಇಷ್ಟೆಲ್ಲ ಯಾರ ಹಣ? ಅಲ್ಲಿಗೆ ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ಬ್ರಾಹ್ಮೀ ಅಕ್ಷರಗಳನ್ನು ತೋರಿಸಿ ಅರ್ಥ ಹೇಳಿದರು. ಅರಸರದೂ ಇದೆ: ಭರೂಚಿನವರೆಗೆ ಆಳಿದ ನಹಪಾನನ ಅಳಿಯ ಉಷವದಾತ ಇಲ್ಲಿನ ಭಿಕ್ಷುಗಳಿಗೆ ಒಂದು ಹಳ್ಳಿಯನ್ನೇ ಬಿಟ್ಟುಕೊಟ್ಟ. ಆದರೆ ಕಂಬಗಳನ್ನು ಕೊಟ್ಟವರು ಬೇರೆ ಬೇರೆ ಜನ. ಧೇನುಕಾಕಟದ ಯವನರು ಕೊಟ್ಟ ಕಂಬಗಳಿವೆ, ಸೋಪಾರದ ಭಿಕ್ಷುವೊಬ್ಬ ಕೊಟ್ಟ ಕಂಬವಿದೆ. ಸೋಪಾರವೆಂದರೆ ನಾವು ರೈಲಿನಲ್ಲಿ ದಾಟಿ ಹೋದ ಇಂದಿನ ನಾಲಾಸೋಪಾರವೇ. ಒಬ್ಬರಿಂದಾಗದ ಕೆಲಸವನ್ನು ಹಲವರು ಹಂಚಿಕೊಂಡರು. ನಮ್ಮ ಸಂಘದ ವರ್ಗಣಿಯೂ ಹಾಗೆಯೇ ಅಲ್ಲವೇ?

ಬಾಗಿಲ ಬಳಿಯ ಶಾಸನವನ್ನು ಕೇಳಿ ನಮ್ಮ ಶಿರಸಿಯ ಕಡೆಯ ಗೆಳೆಯರಿಗೆ ಹಿಗ್ಗೋ ಹಿಗ್ಗು. ಈ ಶಿಲಾಗೃಹವನ್ನು ಪೂರೈಸಿದವನು ವೈಜಯಂತಿಯ ಭೂತಪಾಲನೆಂಬ ಶೆಟ್ಟಿ. ಜಂಬೂದ್ವೀಪದಲ್ಲೇ ಇದು ಉತ್ತಮವೆಂದು ಆತ ಹೇಳಿಸಿದ್ದಾನೆ. ವೈಜಯಂತಿಯೆಂದರೆ ನಮ್ಮ ಬನವಾಸಿ ಎನ್ನುತ್ತಾರೆ ವಿದ್ವಾಂಸರು. ಹೊಟ್ಟೆಪಾಡಿಗೆ ಘಟ್ಟ ದಾಟಿದವರಲ್ಲಿ ನಾವೇ ಮೊದಲಿಗರಲ್ಲ.

ಆದರೆ ಹಣ ಕೊಟ್ಟವರ ಹೆಸರಿದೆ, ಉಳಿ ಹಿಡಿದವರ ಹೆಸರೆಲ್ಲಿ? ಕೇಳಿಯೇ ಬಿಟ್ಟೆವು. ಮಾಸ್ತರರು ನಕ್ಕು ಇನ್ನೊಂದು ಸಾಲು ತೋರಿಸಿದರು: ಬಾಗಿಲನ್ನು ಮಾಡಿದವನು ಧೇನುಕಾಕಟದ ಬಡಗಿ ಸಾಮಿ, ವೇಣುವಾಸನ ಮಗ. ಊರು, ಕಸುಬು, ತಂದೆಯ ಹೆಸರು, ತನ್ನ ಹೆಸರು, ನಾಲ್ಕೂ ಇವೆ. ಕಂಬ ಕಡೆದ ನೂರಾರು ಮಂದಿಯ ಹೆಸರು ಅಳಿದುಹೋಯಿತು, ಇವನೊಬ್ಬನದು ಉಳಿಯಿತು.

ನಮ್ಮ ಜತೆಯಲ್ಲಿ ದೋಸೆಯ ಭಟ್ಟರಿದ್ದರು. ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ಕಾವಲಿಯ ಮುಂದೆ ನಿಂತವರು. ಕೈ ಸುಟ್ಟು ಮಲಗಿದಾಗ ಔಷಧಿಗೆ ಹಣ ಕೇಳಹೋದರೆ ಅಲ್ಲಿ ಹೇಳಿದ್ದು: "ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ!" ಅವರು ಸಾಮಿಯ ಹೆಸರಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಇಷ್ಟೇ ಅಂದರು: "ಕಲ್ಲಿನ ಮೇಲೆ ಬೇಡ ಮಾರಾಯರೇ, ಒಂದು ಕಾಗದದ ಮೇಲೆ ಬಂದಿದ್ದರೆ ಸಾಕಿತ್ತು."

ಬಂಧುಗಳೇ, ಈ ಮಾತಿಗಾಗಿಯೇ ಇಂದು ನಿಮ್ಮ ಮುಂದೆ ನಿಂತಿದ್ದೇವೆ. ಈ ಮೇಜಿನ ಮೇಲೆ ಒಂದು ಪುಸ್ತಕವಿದೆ. ನಿಮ್ಮ ಹೆಸರು, ಊರು, ಕೆಲಸ, ಸೇರಿದ ದಿನ, ಪಗಾರ ಬರೆಸಿ ಹೋಗಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಆ ಪುಸ್ತಕ ಹಿಡಿದು ಒಬ್ಬೊಬ್ಬ ಧಣಿಯ ಬಳಿಗೂ ಎಲ್ಲರೂ ಕೂಡಿ ಹೋಗೋಣ. ಹಾಜರಿ ಪುಸ್ತಕದಲ್ಲಿ ಹೆಸರು, ಕೈಯಲ್ಲಿ ನೇಮಕದ ಚೀಟಿ, ಇವೆರಡನ್ನು ಕೇಳೋಣ. ಒಬ್ಬರೇ ಕೇಳಿದರೆ ಮನೆಗೆ ಕಳಿಸಿಯಾರು. ಮೂವತ್ತೇಳು ಕಂಬ ಕೂಡಿ ನಿಂತಲ್ಲಿ ಅಲುಗಿಸುವವರು ಯಾರು?

ದೋಸೆಯ ಭಟ್ಟರು ಮೊದಲ ಹೆಸರು ಬರೆಸಿದ್ದಾರೆ. ಎರಡನೆಯ ಸಾಲು ಖಾಲಿ ಇದೆ. ಬನ್ನಿ.