ನಾಯಿಗಳಲ್ಲಿ ಮೆದುಳಿನ ಉರಿಯೂತ: ಗ್ರಾಮ ಮಟ್ಟದಲ್ಲಿ ಗುರುತಿಸಬೇಕಾದ ಲಕ್ಷಣಗಳು
(ಸದಸ್ಯರ ತರಬೇತಿ ಕಾರ್ಯಕ್ರಮದ ಉಪನ್ಯಾಸ ಪಠ್ಯ)



ಹುಚ್ಚುನಾಯಿ ಎಂದೊಡನೆ ಜೊಲ್ಲು ಸುರಿಸುತ್ತ, ಕಂಡಕಂಡವರನ್ನು ಕಚ್ಚುತ್ತ ಓಡುವ ನಾಯಿಯೇ ಜನರ ಕಣ್ಣಮುಂದೆ ಬರುತ್ತದೆ. ರೇಬೀಸ್ ವೈರಾಣುವಿನಿಂದ ಮೆದುಳಿಗೆ ಉರಿಯೂತ ತಗುಲಿದ ನಾಯಿಗಳೆಲ್ಲವೂ ಹೀಗೆ ವರ್ತಿಸುವುದಿಲ್ಲ. ಕೆಲವು ಮೂಕವಾಗಿ ಮೂಲೆ ಸೇರುತ್ತವೆ. ಕೆಳದವಡೆ ಜೋತುಬಿದ್ದು ಬಾಯಿ ಮುಚ್ಚಲಾಗದೆ, ನೀರು ನುಂಗಲಾಗದೆ ಕುಳಿತಿರುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆಯೆಂದು ಬಗೆದು ಮನೆಯವರು ಕರುಣೆಯಿಂದ ಬಾಯೊಳಗೆ ಕೈ ಹಾಕುವುದು ಈ ಹಂತದಲ್ಲಿಯೇ. ಕಚ್ಚಿಸಿಕೊಳ್ಳದಿದ್ದರೂ ಕೈಮೇಲಿನ ತರಚುಗಾಯಕ್ಕೆ ಜೊಲ್ಲು ತಾಗಿದರೆ ಸಾಕು, ರೋಗ ಅಂಟಬಹುದು. ರೋಗಲಕ್ಷಣ ಕಾಣಿಸಿಕೊಂಡ ಬಳಿಕ ಮನುಷ್ಯನು ಬದುಕುಳಿಯುವುದು ಅತಿ ವಿರಳ.

ಇವುಗಳಿಗಿಂತ ಮೊದಲೇ ಕಾಣುವ ಗುರುತು ಸ್ವಭಾವದ ಬದಲಾವಣೆ. ಸಲುಗೆಯ ನಾಯಿ ದೂರ ಸರಿಯುತ್ತದೆ, ಅಂಜುಬುರುಕ ನಾಯಿ ಅಕಾರಣವಾಗಿ ಮೈಮೇಲೆ ಬೀಳುತ್ತದೆ. ಬೊಗಳುವ ದನಿ ಒಡೆಯುತ್ತದೆ. ಮಣ್ಣು, ಕಟ್ಟಿಗೆ ಮುಂತಾದ ತಿನ್ನಬಾರದ ವಸ್ತುಗಳನ್ನು ಕಡಿಯುತ್ತದೆ. ಹಿಂಗಾಲು ಸೋತು ತೂರಾಡುತ್ತದೆ. ನಾಯಿಗೆ ನೀರಿನ ಭಯವಿರುತ್ತದೆಂಬ ನಂಬಿಕೆ ಸರಿಯಲ್ಲ. ನೀರು ಕುಡಿಯಿತೆಂಬ ಕಾರಣಕ್ಕೆ ರೋಗವಿಲ್ಲವೆಂದು ತೀರ್ಮಾನಿಸಿದವರು ಮೋಸಹೋಗುತ್ತಾರೆ.

ಡಿಸ್ಟೆಂಪರ್ ಎಂಬ ಮತ್ತೊಂದು ವೈರಾಣು ರೋಗವೂ ಮೆದುಳನ್ನು ಮುಟ್ಟುತ್ತದೆ. ಮರಿಗಳಲ್ಲಿ ಹೆಚ್ಚು. ಸಾಮಾನ್ಯವಾಗಿ ಮೊದಲು ಜ್ವರ, ಕಣ್ಣು ಮೂಗುಗಳಲ್ಲಿ ಪಿಸುರು, ಕೆಮ್ಮು, ಭೇದಿ. ಬಳಿಕ ಬಾಯಿ ಅಗಿದಂತಾಗುವ ಸೆಳವು, ಕಾಲಿನ ಅದುರು. ಇದು ಮನುಷ್ಯರಿಗೆ ಹರಡುವುದಿಲ್ಲ. ಆದರೆ ಎರಡರ ಭೇದವನ್ನು ಕಣ್ಣಂದಾಜಿನಲ್ಲಿ ನಿರ್ಣಯಿಸುವುದು ಸದಸ್ಯರ ಕೆಲಸವಲ್ಲ. ಸಂಶಯವಿರುವಾಗ ರೇಬೀಸ್ ಎಂದೇ ಭಾವಿಸಿ ನಡೆಯುವುದು ಕ್ಷೇಮ.

ಅಂಥ ನಾಯಿಯನ್ನು ಬಡಿದು ಕೊಲ್ಲುವ ರೂಢಿ ಇನ್ನೂ ಅಳಿದಿಲ್ಲ. ಅದು ಕಾನೂನಿಗೆ ವಿರುದ್ಧ; ಜೊತೆಗೆ ತಲೆ ಜಜ್ಜಿಹೋದರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾದ ಮೆದುಳೇ ಹಾಳಾಗುತ್ತದೆ. ರೋಗ ಖಚಿತಪಡಿಸುವ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವ್ಯವಸ್ಥೆಯಿದೆ. ನಾಯಿಯನ್ನು ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಪಶು ವೈದ್ಯಾಧಿಕಾರಿಗೆ ಕೂಡಲೇ ತಿಳಿಸತಕ್ಕದ್ದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ರೇಬೀಸ್ ಶಂಕಿತ ನಾಯಿಯನ್ನು ಪ್ರತ್ಯೇಕವಾಗಿರಿಸಲು ಹೇಳುತ್ತವೆ. ರೇಬೀಸ್ ಇದ್ದಲ್ಲಿ ಲಕ್ಷಣ ಕಾಣಿಸಿಕೊಂಡ ನಾಯಿ ಸಾಮಾನ್ಯವಾಗಿ 10 ದಿನಗಳೊಳಗೆ ಸಾಯುತ್ತದೆ.

ಆ 10 ದಿನಗಳನ್ನು ಕಾಯುವುದು ನಾಯಿಯ ವಿಷಯದಲ್ಲಿ ಮಾತ್ರ. ಕಚ್ಚಿಸಿಕೊಂಡವರ ವಿಷಯದಲ್ಲಿ ಒಂದು ದಿನವೂ ಕಾಯತಕ್ಕದ್ದಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಗಾಯಕ್ಕೆ ಮೆತ್ತಬಾರದು. ರಕ್ತ ಬಂದ ಗಾಯಕ್ಕೆ ಲಸಿಕೆಯೊಂದಿಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಮೊದಲ ಚುಚ್ಚುಮದ್ದಿನ ನಂತರ ಕೂಲಿ ತಪ್ಪುತ್ತದೆಂದು ಉಳಿದವನ್ನು ಬಿಡುವವರಿದ್ದಾರೆ. ಅವರ ಮನೆಗೆ ಆಶಾ ಕಾರ್ಯಕರ್ತೆಯೊಡನೆ ವಾರ್ಡಿನ ಸದಸ್ಯರೂ ಹೋಗಿಬಂದರೆ ಮಾತಿಗೆ ತೂಕ ಬರುತ್ತದೆ.

ಬೀದಿ ನಾಯಿಗಳ ನಡವಳಿಕೆಯನ್ನು ಊರಿನಲ್ಲಿ ಎಲ್ಲರಿಗಿಂತ ಮೊದಲು ಗಮನಿಸುವವರು ಬೆಳಗಿನ ಜಾವ ನೀರು ಬಿಡಲು ಹೊರಡುವ ನೀರುಗಂಟಿಗಳು ಮತ್ತು ಕಸದ ವಾಹನದ ಸಿಬ್ಬಂದಿ. ಮೇಲಿನ ಲಕ್ಷಣಗಳನ್ನು ಮೊದಲು ಇವರಿಗೆ ತಿಳಿಸಿ, ಪಶು ಚಿಕಿತ್ಸಾಲಯದ ದೂರವಾಣಿ ಸಂಖ್ಯೆಯನ್ನು ಪಂಪ್‌ಹೌಸಿನ ಬಾಗಿಲ ಮೇಲೆ ಬರೆಸುವುದು.